ಕಿಟ್ಟೆಲ್ ಹುಟ್ಟಿದ ಸೀಮೆ: ಈಗಿಲ್ಲದ ನೋರ್ಡನ್ ಜಿಲ್ಲೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ನಿಘಂಟು ಅಂದ ಕೂಡಲೇ ನೆನಪಾಗುವ ಹೆಸರು ಫರ್ಡಿನೆಂಡ್ ಕಿಟ್ಟೆಲ್. ಅವರು ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ಇಷ್ಟು ತುಂಬಾ ಜನರಿಗೆ ಗೊತ್ತು. ಆದರೆ ಆ ಹಳ್ಳಿ ಯಾವ ಜಿಲ್ಲೆಗೆ ಸೇರಿದ್ದು ಎಂದು ಹುಡುಕಲು ಹೊರಟರೆ ಗೊಂದಲ ಶುರು. ಒಂದು ಕಡೆ ನೋರ್ಡನ್ ಜಿಲ್ಲೆ ಎಂದಿರುತ್ತದೆ, ಇನ್ನೊಂದು ಕಡೆ ಔರಿಶ್ ಜಿಲ್ಲೆ ಎಂದಿರುತ್ತದೆ. ಒಬ್ಬರು ಹಾನೋವರ್ ಎನ್ನುತ್ತಾರೆ, ಇನ್ನೊಬ್ಬರು ಪ್ರಶ್ಯಾ ಎನ್ನುತ್ತಾರೆ (ಎರಡೂ ಹಳೆಯ ಜರ್ಮನ್ ರಾಜ್ಯಗಳು). ಇವೆಲ್ಲವೂ ಒಂದೊಂದು ಕಾಲಕ್ಕೆ ಸರಿ. ನೋರ್ಡನ್ ಜಿಲ್ಲೆ ಇದ್ದದ್ದು 1885ರಿಂದ 1977ರವರೆಗೆ, ಬರೀ 92 ವರ್ಷ. ಕಿಟ್ಟೆಲ್ ಹುಟ್ಟುವಾಗ ಅದು ಇರಲಿಲ್ಲ. ಈಗಲೂ ಇಲ್ಲ. ಆದರೆ ಅವರ ನಿಘಂಟು ಅಚ್ಚಾದಾಗ ಇತ್ತು, ಅವರು ತೀರಿಕೊಂಡಾಗಲೂ ಇತ್ತು. ಆ ಜಿಲ್ಲೆಯ ಕಥೆಯನ್ನು ಕನ್ನಡದಲ್ಲಿ ಒಂದು ಕಡೆ ಕೂಡಿಸಿ ಇಡೋಣ ಎಂದು ಇದನ್ನು ಬರೆದಿದ್ದೇನೆ.

ನೋರ್ಡನ್ ಜಿಲ್ಲೆ ಎಲ್ಲಿತ್ತು?

ಜರ್ಮನಿಯ ನಕ್ಷೆ ತೆಗೆದು ಎಡಗಡೆ ಮೇಲ್ಮೂಲೆ ನೋಡಿ. ನೆದರ್ಲೆಂಡ್ಸ್ ಗಡಿ ಸಮುದ್ರ ಸೇರುವ ಜಾಗದ ಪಕ್ಕದಲ್ಲೇ ಓಸ್ಟ್‌ಫ್ರೀಸ್‌ಲಾಂಡ್ ಎಂಬ ನಾಡಿದೆ. ಪೂರ್ವ ಫ್ರೀಸಿಯಾ ಎಂದು ಅರ್ಥ. ಅದರ ಉತ್ತರದ ಕರಾವಳಿಯೇ ನೋರ್ಡನ್ ಜಿಲ್ಲೆ. ಜಿಲ್ಲಾಕೇಂದ್ರದ ಹೆಸರೂ ನೋರ್ಡನ್. ಕಡಲಾಚೆಯ ಮೂರು ದ್ವೀಪಗಳೂ ಇದೇ ಜಿಲ್ಲೆಗೆ ಸೇರಿದ್ದವು: ಯೂಸ್ಟ್, ನೋರ್ಡರ್‌ನೈ, ಬಾಲ್ಟ್ರುಮ್. ಒಳನಾಡಿನಲ್ಲಿ ಹಾಗೆ, ಡೋರ್ನುಮ್, ಮಾರಿಯೆನ್‌ಹಾಫೆ, ಓಸ್ಟೇಲ್ ಮುಂತಾದ ಊರುಗಳು. ಡೋರ್ನುಮ್ ಪಕ್ಕದಲ್ಲೇ ನಮ್ಮ ರೆಸ್ಟರ್‌ಹಾಫೆ.

ಒಂದು ಎಚ್ಚರಿಕೆ. ಜರ್ಮನ್ ಭಾಷೆಯಲ್ಲಿ ‘ನೋರ್ಡನ್’ ಅಂದರೆ ಉತ್ತರ ದಿಕ್ಕು. ಹಾಗಾಗಿ ಸುಮ್ನೆ ಆ ಒಂದೇ ಪದ ಹಾಕಿ ಹುಡುಕಿದರೆ ಊರು ಸಿಗುವುದಿಲ್ಲ, ಉತ್ತರದಲ್ಲಿ ಇರುವುದೆಲ್ಲ ಸಿಗುತ್ತದೆ. ಜೊತೆಗೆ ‘ಓಸ್ಟ್‌ಫ್ರೀಸ್‌ಲಾಂಡ್’ ಎಂದು ಸೇರಿಸಿ ಹುಡುಕಿ.

‘ಲಾಂಡ್‌ಕ್ರೈಸ್’ ಅಂದರೆ ನಮ್ಮ ಜಿಲ್ಲೆಯೇ?

ಹತ್ತಿರದ ಪದ ಅದೇ, ಆದರೆ ಅಳತೆ ಬೇರೆ. ನಮ್ಮ ಒಂದು ಜಿಲ್ಲೆಯಲ್ಲಿ ಹತ್ತಾರು ಲಕ್ಷ ಜನ ಇರುತ್ತಾರೆ. ಲಾಂಡ್‌ಕ್ರೈಸ್ ಅಷ್ಟು ದೊಡ್ಡದಲ್ಲ, ಗಾತ್ರದಲ್ಲಿ ನಮ್ಮ ತಾಲ್ಲೂಕಿಗೆ ಹತ್ತಿರ. ಅದರ ಮೇಲೆ ‘ರೆಗೀರುಂಗ್ಸ್‌ಬೆಟ್ಸಿರ್ಕ್’ ಎಂಬ ಇನ್ನೊಂದು ಹಂತವಿತ್ತು, ನಮ್ಮ ಕಂದಾಯ ವಿಭಾಗದ ಹಾಗೆ. ನೋರ್ಡನ್ ಜಿಲ್ಲೆ ಔರಿಶ್ ವಿಭಾಗದ ಕೆಳಗಿತ್ತು.

ಜಿಲ್ಲೆಯ ಮುಖ್ಯಸ್ಥನಿಗೆ ಲಾಂಡ್‌ರಾಟ್ ಎನ್ನುತ್ತಾರೆ. ಪ್ರಶ್ಯಾ ಕಾಲದಲ್ಲಿ ಆತ ಸರ್ಕಾರ ನೇಮಿಸಿದ ಅಧಿಕಾರಿ, ಹೆಚ್ಚು ಕಡಿಮೆ ನಮ್ಮ ಕಲೆಕ್ಟರ್ ಇದ್ದ ಹಾಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಪ್ರದೇಶ ಬ್ರಿಟಿಷರ ಕೈಗೆ ಬಂತು. ಅವರು ತಮ್ಮ ದೇಶದ ಪದ್ಧತಿ ತಂದರು. ಅಲ್ಲಿಂದ ಲಾಂಡ್‌ರಾಟ್ ಅಂದರೆ ಜನಪ್ರತಿನಿಧಿಗಳು ಆರಿಸಿದ ಅಧ್ಯಕ್ಷ. ಆಡಳಿತ ನಡೆಸಲು ಬೇರೆ ಅಧಿಕಾರಿ ಬಂದರು, ಅವರಿಗೆ ‘ಓಬರ್‌ಕ್ರೈಸ್‌ಡಿರೆಕ್ಟರ್’ ಎಂದು ಹೆಸರು. ನಮ್ಮ ಜಿಲ್ಲಾ ಪಂಚಾಯಿತಿಯಲ್ಲಿ ಅಧ್ಯಕ್ಷರು ಒಬ್ಬರು, ಮುಖ್ಯ ಕಾರ್ಯನಿರ್ವಹಣಾಧಿಕಾರಿ ಇನ್ನೊಬ್ಬರು ಅಲ್ವಾ, ಹಾಗೆಯೇ. ನೋರ್ಡನ್ ಜಿಲ್ಲೆ ಮುಚ್ಚುವ ದಿನದವರೆಗೂ ಈ ಇಬ್ಬರ ಪದ್ಧತಿ ನಡೆಯಿತು.

ಜಿಲ್ಲೆ ಆಗುವ ಮುಂಚೆ ಈ ನಾಡು ಯಾರ ಕೈಯಲ್ಲಿತ್ತು?

ಇದಕ್ಕೆ ಉತ್ತರ ಸ್ವಲ್ಪ ಉದ್ದ.

ನಡುಗಾಲದಲ್ಲಿ ಫ್ರೀಸಿಯನ್ ಜನ ತಮಗೆ ಒಡೆಯರಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಯುರೋಪಿನ ಉಳಿದ ಕಡೆ ರೈತರು ಜಮೀನ್ದಾರರ ಕೆಳಗೆ ಇದ್ದಾಗ ಇಲ್ಲಿ ‘ಫ್ರೀಸಿಯನ್ ಸ್ವಾತಂತ್ರ್ಯ’ ಎಂಬ ಮಾತೇ ಇತ್ತು. ಆಮೇಲೆ ಊರೂರಿನ ಬಲಾಢ್ಯ ಮನೆತನಗಳು ತಲೆ ಎತ್ತಿದವು. ಅವರಲ್ಲಿ ಗೆದ್ದವರು ಗ್ರೀಟ್‌ಜೀಲ್ ಎಂಬ ಮೀನುಗಾರರ ಊರಿನ ಚಿರ್ಕ್‌ಸೇನಾ ಮನೆತನದವರು. 1464ರಲ್ಲಿ ಉಲ್ರಿಶ್ ಚಿರ್ಕ್‌ಸೇನಾ ಅವರನ್ನು ಚಕ್ರವರ್ತಿ ಕೌಂಟ್ ಎಂದು ಒಪ್ಪಿಕೊಂಡ. ಮುಂದೆ ಅವರು ಔರಿಶ್‌ನಲ್ಲಿ ನೆಲೆಸಿ ಆಳಿದರು.

1744ರಲ್ಲಿ ಆ ಮನೆತನದ ಕೊನೆಯ ರಾಜಕುಮಾರ ಕಾರ್ಲ್ ಎಡ್ಜಾರ್ಡ್ ಮಕ್ಕಳಿಲ್ಲದೆ ತೀರಿಕೊಂಡ. ಕೂಡಲೇ ಪ್ರಶ್ಯಾದ ಎರಡನೇ ಫ್ರೆಡ್ರಿಕ್ ನಾಡನ್ನು ತನ್ನದಾಗಿಸಿಕೊಂಡ. ನೆಪೋಲಿಯನ್ ಗದ್ದಲದಲ್ಲಿ 1807ಕ್ಕೆ ಇದು ಹಾಲೆಂಡ್ ರಾಜ್ಯಕ್ಕೆ ಸೇರಿತು. 1810ಕ್ಕೆ ನೇರವಾಗಿ ಫ್ರಾನ್ಸಿಗೇ ಸೇರಿತು. 1813ಕ್ಕೆ ಪ್ರಶ್ಯಾ ಮತ್ತೆ ಬಂತು. 1815ರಲ್ಲಿ ವಿಯೆನ್ನಾದಲ್ಲಿ ದೊಡ್ಡವರು ಕೂತು ನಕ್ಷೆ ಹಂಚಿಕೊಂಡಾಗ ಹಾನೋವರ್ ಪಾಲಾಯಿತು. 1866ರಲ್ಲಿ ಪ್ರಶ್ಯಾ ಯುದ್ಧ ಗೆದ್ದು ಹಾನೋವರನ್ನೇ ನುಂಗಿತು.

1740ರಲ್ಲಿ ಹುಟ್ಟಿ 1820ರಲ್ಲಿ ತೀರಿಕೊಂಡ ಒಬ್ಬ ಅಜ್ಜಿಯನ್ನು ನೆನೆಸಿಕೊಳ್ಳಿ. ಆಕೆ ಊರು ಬಿಟ್ಟು ಒಂದು ಹೆಜ್ಜೆ ಹೋಗಿರಲಿಕ್ಕಿಲ್ಲ. ಆದರೂ ಐದು ಸಲ ಆಳುವವರು ಬದಲಾದದ್ದನ್ನು ಕಂಡಿರುತ್ತಾಳೆ. ಈ ಸೀಮೆಯವರು ದೂರದ ರಾಜಧಾನಿಗಿಂತ ತಮ್ಮ ಊರು, ಚರ್ಚು, ಕಡಲಿನ ಏರಿಯನ್ನೇ ಜಾಸ್ತಿ ನಂಬಿದ್ದು ಏಕೆ ಎಂದು ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದ ಮೇಲೆ.

ಹಾಗಾದರೆ ಕಿಟ್ಟೆಲ್ ಯಾವ ದೇಶದಲ್ಲಿ ಹುಟ್ಟಿದರು?

ಹಾನೋವರ್ ರಾಜ್ಯದಲ್ಲಿ. ಅವರು ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ. ಆಗ ಹಾನೋವರ್‌ನ ರಾಜ ನಾಲ್ಕನೇ ವಿಲಿಯಂ. ಬ್ರಿಟನ್ನಿನ ರಾಜನೂ ಅವನೇ! ಎರಡೂ ಸಿಂಹಾಸನಗಳು ಒಬ್ಬನದೇ ಆಗಿದ್ದವು. 1837ರಲ್ಲಿ ಅವನು ತೀರಿಕೊಂಡಾಗ ಬ್ರಿಟನ್ ವಿಕ್ಟೋರಿಯಾ ರಾಣಿಗೆ ಹೋಯಿತು. ಹಾನೋವರ್ ಕಾನೂನು ಹೆಣ್ಣುಮಕ್ಕಳಿಗೆ ಪಟ್ಟ ಕೊಡುತ್ತಿರಲಿಲ್ಲ, ಹಾಗಾಗಿ ಅದು ಅವಳ ಚಿಕ್ಕಪ್ಪ ಎರ್ನ್‌ಸ್ಟ್ ಆಗಸ್ಟ್‌ಗೆ ಹೋಯಿತು. ಕಿಟ್ಟೆಲ್‌ಗೆ ಆಗ ಐದು ವರ್ಷ.

ಅವರ ತಂದೆ ಪಾದ್ರಿ. ಕಿಟ್ಟೆಲ್ ಓದಿದ್ದು ಔರಿಶ್‌ನ ಶಾಲೆಯಲ್ಲಿ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1853ರಲ್ಲಿ ನಮ್ಮ ಕಡೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಕೆಲಸ ಮಾಡಿದರು. 1866ರಲ್ಲಿ ಅವರ ತವರುನಾಡು ಪ್ರಶ್ಯಾ ಕೈಗೆ ಹೋಯಿತು. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಹುಟ್ಟಿತು. ಅವರು ಮನೆ ಬಿಟ್ಟು ಬಂದಾಗ ‘ಜರ್ಮನಿ’ ಎಂಬ ಒಂದು ದೇಶವೇ ಇರಲಿಲ್ಲ. ನಾವು ಅವರನ್ನು ಜರ್ಮನ್ ವಿದ್ವಾಂಸ ಎನ್ನುತ್ತೇವೆ. ಭಾಷೆಯ ಲೆಕ್ಕದಲ್ಲಿ ಅದು ಸರಿ. ರಾಜ್ಯದ ಲೆಕ್ಕದಲ್ಲಿ ಅವರು ಹಾನೋವರ್‌ನ ಪ್ರಜೆಯಾಗಿ ಹೊರಟವರು.

ರೆಸ್ಟರ್‌ಹಾಫೆಯಲ್ಲಿ ಕಿಟ್ಟೆಲ್ ಬಿಟ್ಟರೆ ಬೇರೆ ಯಾರಾದರೂ ಹೆಸರುವಾಸಿ ಇದ್ದಾರಾ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಖುಷಿಯಿಂದ ಉತ್ತರ ಹೇಳುತ್ತೇನೆ. ಇದ್ದಾರೆ, ಅದೂ ಎಂಥವರು!

ಕಿಟ್ಟೆಲ್ ಹುಟ್ಟುವ ಎರಡೂವರೆ ಶತಮಾನ ಮುಂಚೆ ಇದೇ ಹಳ್ಳಿಯಲ್ಲಿ ಡಾವಿಡ್ ಫಾಬ್ರಿಟ್ಸಿಯುಸ್ ಎಂಬ ಪಾದ್ರಿ ಇದ್ದರು. 1584ರಿಂದ 1603ರವರೆಗೆ ಇಲ್ಲಿನ ಚರ್ಚು ಅವರದು. ಹಗಲು ಪಾದ್ರಿ, ರಾತ್ರಿ ಆಕಾಶ ನೋಡುವವರು. ದೂರದರ್ಶಕ ಇನ್ನೂ ಬಂದಿರದ ಕಾಲ ಅದು. 1596ರ ಆಗಸ್ಟ್‌ನಲ್ಲಿ ತಿಮಿಂಗಿಲ ನಕ್ಷತ್ರಪುಂಜದಲ್ಲಿ ಒಂದು ಚುಕ್ಕಿ ಬೆಳಗುವುದನ್ನು ಅವರು ಬರಿಗಣ್ಣಿನಿಂದ ಕಂಡರು. ಆಮೇಲೆ ಅದು ಮಸುಕಾಗಿ ಕಣ್ಮರೆಯಾಯಿತು. 1609ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಂಡರು. ಬೆಳಕು ಏರಿಳಿಯುವ ಆ ನಕ್ಷತ್ರಕ್ಕೆ ಮುಂದೆ ‘ಮೀರಾ’ ಎಂಬ ಹೆಸರು ಬಂತು. ನಮ್ಮ ಮೀರಾಬಾಯಿಗೂ ಅದಕ್ಕೂ ಸಂಬಂಧವಿಲ್ಲ, ಲ್ಯಾಟಿನ್‌ನಲ್ಲಿ ಅದಕ್ಕೆ ‘ಅಚ್ಚರಿಯದು’ ಎಂದು ಅರ್ಥ. ಅದು ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮಂಕಾಗುತ್ತದೆ. ಆಕಾಶದಲ್ಲಿರುವುದು ಎಂದೂ ಬದಲಾಗುವುದಿಲ್ಲ ಎಂದು ಪಂಡಿತರು ನಂಬಿದ್ದ ಕಾಲದಲ್ಲಿ ಇದು ಸಣ್ಣ ಸುದ್ದಿಯಲ್ಲ. ಆ ಕಾಲದ ದೊಡ್ಡ ಖಗೋಳಶಾಸ್ತ್ರಜ್ಞರಾದ ಟೀಕೊ ಬ್ರಾಹೆ, ಕೆಪ್ಲರ್ ಇಬ್ಬರಿಗೂ ಈ ಹಳ್ಳಿ ಪಾದ್ರಿಯ ಜೊತೆ ಪತ್ರ ವ್ಯವಹಾರ ಇತ್ತು.

ಅವರ ಮಗ ಯೊಹಾನೆಸ್ 1587ರಲ್ಲಿ ರೆಸ್ಟರ್‌ಹಾಫೆಯಲ್ಲೇ ಹುಟ್ಟಿದ. ಓದಲು ಲೈಡನ್‌ಗೆ ಹೋದವನು ಅಲ್ಲಿಂದ ದೂರದರ್ಶಕ ತಂದ. ಅಷ್ಟು ಹೊತ್ತಿಗೆ ತಂದೆ ಓಸ್ಟೇಲ್ ಊರಿನ ಚರ್ಚಿಗೆ ಹೋಗಿದ್ದರು. ತಂದೆ ಮಗ ಸೇರಿ 1611ರಲ್ಲಿ ಸೂರ್ಯನನ್ನು ನೋಡಿದರು. ಕಣ್ಣು ಉರಿಯತೊಡಗಿದಾಗ ಕತ್ತಲೆ ಕೋಣೆಯೊಳಗೆ ಸಣ್ಣ ಕಿಂಡಿಯಿಂದ ಬಿಸಿಲು ಬಿಟ್ಟು ಸೂರ್ಯನ ಬಿಂಬ ಮೂಡಿಸಿಕೊಂಡರು. ಅದರಲ್ಲಿ ಕಂಡ ಕಲೆಗಳು ದಿನದಿನಕ್ಕೆ ಜರುಗುತ್ತಿದ್ದವು. ಅಂದರೆ ಸೂರ್ಯ ತನ್ನ ಸುತ್ತ ತಿರುಗುತ್ತಿದ್ದಾನೆ! ಯೊಹಾನೆಸ್ ಅದೇ ವರ್ಷ ಅದನ್ನು ಅಚ್ಚು ಹಾಕಿಸಿದ. ಸೂರ್ಯನ ಕಲೆಗಳ ಬಗ್ಗೆ ಅಚ್ಚಾದ ಮೊದಲ ಬರಹ ಅದು.

ತಂದೆಯ ಕೊನೆ ಮಾತ್ರ ಸಂಕಟದ್ದು. ಹಳ್ಳಿಯ ಒಬ್ಬ ಹೆಬ್ಬಾತು ಕದ್ದಿದ್ದಾನೆ ಎಂದು ಅವರು ಚರ್ಚಿನಲ್ಲಿ ಎಲ್ಲರೆದುರು ಹೇಳಿದ್ದರಂತೆ. ಆ ಸಿಟ್ಟಿಗೆ 1617ರಲ್ಲಿ ಆತ ಸಲಿಕೆಯಿಂದ ಹೊಡೆದು ಅವರನ್ನು ಕೊಂದ. ಮಗ ಅದಕ್ಕೂ ಮುಂಚೆಯೇ ಚಿಕ್ಕ ವಯಸ್ಸಿನಲ್ಲಿ ಹೋಗಿದ್ದ.

ರೆಸ್ಟರ್‌ಹಾಫೆ, ಓಸ್ಟೇಲ್ ಎರಡೂ ಮುಂದೆ ನೋರ್ಡನ್ ಜಿಲ್ಲೆಗೆ ಸೇರಿದವು. ಅಷ್ಟು ಪುಟ್ಟ ಹಳ್ಳಿಯಲ್ಲಿ ಒಬ್ಬರು ಚುಕ್ಕಿಗಳ ಲೆಕ್ಕ ಇಟ್ಟರು. ಅಲ್ಲೇ ಹುಟ್ಟಿದ ಇನ್ನೊಬ್ಬರು ನಮ್ಮ ಮಾತುಗಳ ಲೆಕ್ಕ ಇಟ್ಟರು. ಆ ಚರ್ಚಿನ ಮನೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1885ರಲ್ಲಿ ಜಿಲ್ಲೆ ಹೇಗೆ ಹುಟ್ಟಿತು?

ಹಾನೋವರ್ ಕಾಲದಲ್ಲಿ ಆಡಳಿತದ ಸಣ್ಣ ಘಟಕಕ್ಕೆ ‘ಆಮ್ಟ್’ ಎನ್ನುತ್ತಿದ್ದರು. ನೋರ್ಡನ್, ಬೇರುಮ್ ಈ ಭಾಗದ ಹಳೆಯ ಆಮ್ಟ್‌ಗಳು. ಪ್ರಶ್ಯಾ ಬಂದ ಮೇಲೂ ಇಪ್ಪತ್ತು ವರ್ಷ ಈ ಹಳೆಯ ಪದ್ಧತಿಯನ್ನು ಪೂರ್ತಿ ಕಿತ್ತು ಹಾಕಲಿಲ್ಲ. ಗೆದ್ದ ನಾಡಿನ ಜನರನ್ನು ಒಂದೇ ಸಲ ಕೆಣಕುವುದು ಬೇಡ ಎನ್ನುವ ಜಾಣತನ ಇತ್ತು ಎಂದು ನನಗೆ ಅನಿಸುತ್ತದೆ. 1884ರಲ್ಲಿ ಹಾನೋವರ್ ಪ್ರಾಂತ್ಯಕ್ಕೆ ಹೊಸ ಜಿಲ್ಲಾ ಕಾನೂನು ಬಂತು. 1885ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಅಂದೇ ನೋರ್ಡನ್ ಜಿಲ್ಲೆ ಹುಟ್ಟಿದ ದಿನ. ಆಗ ಕಿಟ್ಟೆಲ್‌ಗೆ 52 ತುಂಬಿತ್ತು.

1932ರಲ್ಲಿ ಜಿಲ್ಲೆ ದೊಡ್ಡದಾಯಿತು ಎನ್ನುತ್ತಾರೆ, ಯಾಕೆ?

ದುಡ್ಡಿಲ್ಲದೆ. ಮಹಾ ಆರ್ಥಿಕ ಕುಸಿತದ ಕಾಲ. ಖರ್ಚು ಉಳಿಸಲು ಪ್ರಶ್ಯಾ ಹಲವು ಜಿಲ್ಲೆಗಳನ್ನು ಒಂದರಲ್ಲಿ ಒಂದು ಸೇರಿಸಿತು. ಎಮ್ಡೆನ್ ಗ್ರಾಮಾಂತರ ಜಿಲ್ಲೆ 1932ರಲ್ಲಿ ಹೋಯಿತು, ಅದರ ದೊಡ್ಡ ಪಾಲು ನೋರ್ಡನ್‌ಗೆ ಬಂತು. ಎಮ್ಡೆನ್ ಪಟ್ಟಣ ಮಾತ್ರ ಯಾವ ಜಿಲ್ಲೆಗೂ ಸೇರದೆ ಬೇರೆಯಾಗಿ ಉಳಿಯಿತು. ಹೀಗೆ ಚಿರ್ಕ್‌ಸೇನಾ ಮನೆತನದ ಮೂಲ ಊರಾದ ಗ್ರೀಟ್‌ಜೀಲ್ ಕೂಡ ನೋರ್ಡನ್ ಜಿಲ್ಲೆಯ ಊರಾಯಿತು.

ಆ ಜಿಲ್ಲೆಯ ಜನ ಹೇಗೆ ಬದುಕುತ್ತಿದ್ದರು?

ಮೊದಲು ಸಮುದ್ರದ ಮಾತು. ಇಲ್ಲಿನ ನೆಲ ಎಷ್ಟೋ ಕಡೆ ಸಮುದ್ರದ ಮಟ್ಟದಲ್ಲೇ ಇದೆ. ಏರಿ ಇಲ್ಲದಿದ್ದರೆ ಊರು ಇಲ್ಲ. ಕೆರೆ ಏರಿ ನೋಡಿ ಬೆಳೆದ ನಮಗೆ ಏರಿ ಅಂದರೆ ಒಳಗಿನ ನೀರು ಹಿಡಿದಿಡುವುದು. ಅಲ್ಲಿ ಏರಿ ಹೊರಗಿನ ನೀರನ್ನು ತಡೆಯುವುದು. ‘ಏರಿ ಕಟ್ಟಲಾರದವನು ಜಾಗ ಬಿಟ್ಟು ಹೋಗಬೇಕು’ ಎಂಬುದು ಅಲ್ಲಿನ ಹಳೆಯ ಗಾದೆ. ತನ್ನ ಪಾಲಿನ ಏರಿ ನೋಡಿಕೊಳ್ಳಲಾಗದ ರೈತ ಹೊಲವನ್ನೇ ಬಿಟ್ಟು ಕೊಡಬೇಕಿತ್ತು. 1717ರ ಕ್ರಿಸ್‌ಮಸ್ ರಾತ್ರಿ ಏರಿಗಳು ಒಡೆದು ಇಡೀ ಕರಾವಳಿಯಲ್ಲಿ ಸಾವಿರಾರು ಜನ ಮುಳುಗಿ ಸತ್ತರು. 1825ರಲ್ಲಿ ಮತ್ತೆ ದೊಡ್ಡ ನೆರೆ. ಏರಿ ಕಾಯುವ ಕೆಲಸ ಜಿಲ್ಲಾಡಳಿತದ್ದಲ್ಲ, ಅದಕ್ಕೆ ‘ಡೈಶ್‌ಆಖ್ಟ್’ ಎಂಬ ಜಮೀನುದಾರರ ಸಂಘವೇ ಬೇರೆ. ನೋರ್ಡನ್‌ನ ಡೈಶ್‌ಆಖ್ಟ್ ಇವತ್ತಿಗೂ ಕೆಲಸ ಮಾಡುತ್ತಿದೆ. ಜಿಲ್ಲೆ ಹೋಯಿತು, ಅದು ಇದೆ.

ಎರಡನೆಯದು ದ್ವೀಪಗಳು. 1797ರಲ್ಲಿ ನೋರ್ಡರ್‌ನೈನಲ್ಲಿ ಸಮುದ್ರ ಸ್ನಾನದ ತಾಣ ಶುರುವಾಯಿತು. ಉತ್ತರ ಸಮುದ್ರದ ಜರ್ಮನ್ ತೀರದಲ್ಲಿ ಅದೇ ಮೊದಲು. ಹಾನೋವರ್‌ನ ಕೊನೆಯ ರಾಜ, ಕಣ್ಣು ಕಾಣದ ಐದನೇ ಜಾರ್ಜ್, ಬೇಸಿಗೆಯಲ್ಲಿ ಅಲ್ಲಿಗೇ ಬರುತ್ತಿದ್ದ. 1883ರಲ್ಲಿ ನೋರ್ಡನ್‌ಗೆ ರೈಲು ಬಂತು, 1892ರಲ್ಲಿ ನೋರ್ಡ್‌ಡೈಶ್ ಬಂದರಿನವರೆಗೆ ಹೋಯಿತು. ಅಲ್ಲಿಂದ ಪ್ರವಾಸಿಗರೇ ದ್ವೀಪಗಳ ಅನ್ನ. ಯೂಸ್ಟ್, ಬಾಲ್ಟ್ರುಮ್ ದ್ವೀಪಗಳಲ್ಲಿ ಇವತ್ತಿಗೂ ಕಾರು ಓಡಿಸುವಂತಿಲ್ಲ, ಸಾಮಾನು ಕುದುರೆಗಾಡಿಯಲ್ಲೇ ಹೋಗುತ್ತದೆ.

ಮೂರನೆಯದು ನೋರ್ಡ್‌ಡೈಶ್ ರೇಡಿಯೊ. 1907ರಲ್ಲಿ ಶುರುವಾದ ಈ ಕೇಂದ್ರ ಹಡಗುಗಳ ಜೊತೆ ಮಾತಾಡುತ್ತಿತ್ತು. ಮೊದಲು ಮೋರ್ಸ್ ಸಂಕೇತದಲ್ಲಿ, ಆಮೇಲೆ ದೂರವಾಣಿಯಲ್ಲಿ. ಜಗತ್ತಿನ ಯಾವ ಕಡಲಿನಲ್ಲಿ ಇದ್ದರೂ ಜರ್ಮನ್ ನಾವಿಕರಿಗೆ ಮನೆಯ ದನಿ ಕೇಳಿಸುತ್ತಿದ್ದದ್ದು ಈ ಪುಟ್ಟ ಊರಿನ ಮೂಲಕ. ಉಪಗ್ರಹಗಳು ಬಂದವು, 1998ರ ಕೊನೆಗೆ ಕೇಂದ್ರ ಮುಚ್ಚಿತು.

ನೋರ್ಡನ್ ಪಟ್ಟಣದಲ್ಲಿ 1806ರಲ್ಲಿ ಶುರುವಾದ ಡೋರ್ನ್‌ಕಾಟ್ ಭಟ್ಟಿ ಮನೆ ಜರ್ಮನಿಗೆಲ್ಲ ಗೊತ್ತಿದ್ದ ಹೆಸರು. ಉಳಿದಂತೆ ಹೊಲ, ಹೈನು, ಸೀಗಡಿ.

‘ಥೇಲ್‌ಆಖ್ಟ್’ ಎಂದು ಓದಿದೆ, ಅದೇನು?

ಅದು ನೋರ್ಡನ್‌ನ ಒಂದು ರೈತ ಸಂಘ. 884ರಲ್ಲಿ ನೋರ್ಡನ್ ಬಳಿ ಫ್ರೀಸಿಯನ್ ರೈತರು ದಾಳಿಗೆ ಬಂದ ನಾರ್ಮನ್ನರನ್ನು ಸೋಲಿಸಿದರು. ಆ ಗೆಲುವಿನ ನೆಲವನ್ನು ಒಡೆದು ಹಂಚಿಕೊಳ್ಳದೆ ಒಟ್ಟಾಗಿ ಇಟ್ಟುಕೊಂಡರು ಎಂಬುದು ಸಂಘದ ಮೂಲಕಥೆ. ಯುರೋಪಿನ ತುಂಬಾ ಹಳೆಯ ರೈತ ಸಂಘಗಳಲ್ಲಿ ಇದೂ ಒಂದು. ಪಾಲಿನ ಹಕ್ಕು ವಂಶದಿಂದ ವಂಶಕ್ಕೆ ಬರುತ್ತದೆ. ನೋರ್ಡನ್‌ನ ಹಳೆಯ ಪುರಸಭೆ ಕಟ್ಟಡದಲ್ಲಿ ಅವರದೇ ಒಂದು ಕೋಣೆ ಇದೆ. ಅಲ್ಲಿ ಸೇರಿ ಪಾಲಿನ ಹಣ ಹಂಚಿಕೊಳ್ಳುತ್ತಾರೆ. ಹಣ ಸಣ್ಣದು, ಆದರೆ ಪಾಲುದಾರ ಎನ್ನಿಸಿಕೊಳ್ಳುವುದು ದೊಡ್ಡದು.

ನಾಜಿ ಕಾಲದಲ್ಲಿ ಇಲ್ಲಿ ಏನಾಯಿತು?

ಉಳಿದ ಜರ್ಮನಿಯಲ್ಲಿ ಆದದ್ದೇ ಇಲ್ಲೂ ಆಯಿತು. ನೋರ್ಡನ್, ಡೋರ್ನುಮ್, ನೋರ್ಡರ್‌ನೈಗಳಲ್ಲಿ ತಲೆಮಾರುಗಳಿಂದ ಯಹೂದಿಗಳು ಬಾಳಿದ್ದರು. 1938ರ ನವೆಂಬರ್ 9ರ ರಾತ್ರಿ ನೋರ್ಡನ್‌ನ ಸಿನಗಾಗ್‌ಗೆ ಬೆಂಕಿ ಇಟ್ಟರು. ಡೋರ್ನುಮ್‌ನ ಪ್ರಾರ್ಥನಾ ಮಂದಿರ ಮಾತ್ರ ಉಳಿಯಿತು. ಕಾರಣ, ಎರಡು ದಿನ ಮುಂಚೆ, ನವೆಂಬರ್ 7ರಂದು, ಅದನ್ನು ಪಕ್ಕದ ಬಡಗಿಗೆ ಮಾರಲಾಗಿತ್ತು. ಕಟ್ಟಡ ಉಳಿಯಿತು, ಅಲ್ಲಿ ಪ್ರಾರ್ಥಿಸುತ್ತಿದ್ದ ಜನ ಉಳಿಯಲಿಲ್ಲ. ಊರು ಬಿಟ್ಟು ಓಡಿಸಿದರು, ಎಷ್ಟೋ ಜನರನ್ನು ಕೊಂದರು. ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಹಾಗೆ ಉಳಿದು ಬಂದ ಸಿನಗಾಗ್ ಅದೊಂದೇ. ಈಗ ಅದು ಸ್ಮಾರಕ. ರೆಸ್ಟರ್‌ಹಾಫೆ ನೋಡಲು ಹೋಗುವವರು ದಯವಿಟ್ಟು ಡೋರ್ನುಮ್‌ನ ಆ ಮಂದಿರಕ್ಕೂ ಹೋಗಿ ಬನ್ನಿ.

ಯುದ್ಧ ಮುಗಿದ ಮೇಲೆ?

ಪೂರ್ವದಿಂದ ಜನ ಬಂದರು. ಸೈಲೀಸಿಯಾ, ಪೊಮೆರೇನಿಯಾ, ಪೂರ್ವ ಪ್ರಶ್ಯಾಗಳಿಂದ ಮನೆಮಠ ಕಳೆದುಕೊಂಡ ಜರ್ಮನ್ನರು. ನೋರ್ಡನ್‌ನ ಟೀಡೋಫೆಲ್ಡ್‌ನಲ್ಲಿ ನೌಕಾಪಡೆ ಬಿಟ್ಟು ಹೋದ ಶೆಡ್‌ಗಳಿದ್ದವು. ಅವೇ ನಿರಾಶ್ರಿತರ ಶಿಬಿರವಾದವು. 1946ರಿಂದ 1960ರವರೆಗೆ ಸುಮಾರು 6,000 ಜನ ಆ ಶಿಬಿರದಲ್ಲಿ ಇದ್ದು ಹೋದರು. ಬಂದವರ ಮಾತು ಬೇರೆ, ಕೆಲವರ ಚರ್ಚು ಬೇರೆ. ಊರಿನವರಿಗೂ ಯುದ್ಧದ ನಂತರ ಉಣ್ಣಲು ಸಾಲದ ಕಾಲ. ಜಗಳ, ಅಸಮಾಧಾನ ಇಲ್ಲದೆ ಇರುತ್ತದೆಯೇ? ಶಿಬಿರದ ಹಳೆಯ ಚರ್ಚಿನಲ್ಲಿ ಈಗ ಅವರ ನೆನಪುಗಳನ್ನು ಕೂಡಿಸಿ ಇಟ್ಟಿದ್ದಾರೆ.

ಇದೇ ಹೊತ್ತಿಗೆ ಲೈ ಕೊಲ್ಲಿಯಲ್ಲಿ ಹೊಸ ಏರಿ ಕಟ್ಟಿ ಸಮುದ್ರದಿಂದ ನೆಲ ತೆಗೆದರು. 1950ರ ಹೊತ್ತಿಗೆ ಅಲ್ಲಿ ‘ಲೈಬುಖ್ಟ್‌ಪೋಲ್ಡರ್’ ಎಂಬ ಹೊಸ ಊರೇ ಎದ್ದಿತು. ಊರಿನ ರೈತರ ಜೊತೆಗೆ ನಿರಾಶ್ರಿತರಿಗೂ ಅಲ್ಲಿ ಹೊಲ ಸಿಕ್ಕಿತು.

1977ರಲ್ಲಿ ಜಿಲ್ಲೆಯನ್ನು ಯಾಕೆ ಮುಚ್ಚಿದರು?

1970ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಎಲ್ಲ ರಾಜ್ಯಗಳಿಗೂ ಒಂದೇ ಯೋಚನೆ: ಜಿಲ್ಲೆಗಳು ತುಂಬಾ ಚಿಕ್ಕವು, ಸೇರಿಸಿ ದೊಡ್ಡದು ಮಾಡೋಣ. ದೊಡ್ಡ ಜಿಲ್ಲೆಗೆ ಒಳ್ಳೆ ಆಸ್ಪತ್ರೆ, ಶಾಲೆ, ರಸ್ತೆ ನಡೆಸುವ ಶಕ್ತಿ ಇರುತ್ತದೆ ಎಂಬ ವಾದ. ಮೊದಲು 1972ರಲ್ಲಿ ಹಳ್ಳಿಗಳನ್ನು ಸೇರಿಸಿದರು. ಪಶ್ಚಿಮ ಭಾಗದ 19 ಹಳ್ಳಿಗಳು ಒಂದಾಗಿ ‘ಕ್ರುಮ್‌ಹೋರ್ನ್’ ಆದವು. ಐದು ವರ್ಷದ ಮೇಲೆ ಜಿಲ್ಲೆಗಳ ಸರದಿ. 1977ರ ಆಗಸ್ಟ್ 1ರಂದು ನೋರ್ಡನ್ ಮತ್ತು ಹಳೆಯ ಔರಿಶ್ ಎರಡೂ ಸೇರಿ ಹೊಸ ಔರಿಶ್ ಜಿಲ್ಲೆಯಾಯಿತು. ಕೇಂದ್ರ ಔರಿಶ್.

ಔರಿಶ್ ಶತಮಾನಗಳಿಂದ ಓಸ್ಟ್‌ಫ್ರೀಸ್‌ಲಾಂಡ್‌ನ ಆಡಳಿತದ ಊರು. ಆ ವಾದದಲ್ಲಿ ಹುರುಳಿದೆ. ಆದರೆ ಜಿಲ್ಲಾಕೇಂದ್ರ ಎಂಬ ಪಟ್ಟ ಹೋದ ಊರಿನ ನೋವು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೊಸ ಜಿಲ್ಲೆ ಬೇಕು, ಕೇಂದ್ರ ನಮ್ಮೂರೇ ಆಗಬೇಕು ಎಂದು ಎಷ್ಟು ಹೋರಾಟ ನಡೆದಿದೆ! ಅಲ್ಲಿ ಇದ್ದದ್ದೇ ಹೋಯಿತು.

ಪಕ್ಕದ ವಿಟ್‌ಮುಂಡ್ ಜಿಲ್ಲೆ ವಾಪಸ್ ಬಂತಲ್ಲ, ನೋರ್ಡನ್ ಯಾಕೆ ಬರಲಿಲ್ಲ?

1977ರಲ್ಲಿ ವಿಟ್‌ಮುಂಡನ್ನೂ ಪಕ್ಕದ ಫ್ರೀಸ್‌ಲಾಂಡ್ ಜೊತೆ ಸೇರಿಸಿದ್ದರು. ಹೆಸರು ಒಂದೇ ತರ ಕೇಳಿದರೂ ಆ ಫ್ರೀಸ್‌ಲಾಂಡ್ ಹಳೆಯ ಓಲ್ಡನ್‌ಬುರ್ಗ್ ಸೀಮೆಯದು. ನೂರಾರು ವರ್ಷ ಬೇರೆ ಬೇರೆ ಒಡೆಯರ ಕೆಳಗಿದ್ದ ಎರಡು ನಾಡು. ಈ ಜೋಡಣೆ ರಾಜ್ಯದ ಸಾಂವಿಧಾನಿಕ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1980ರಿಂದ ವಿಟ್‌ಮುಂಡ್ ಮತ್ತೆ ಜಿಲ್ಲೆಯಾಯಿತು. ನೋರ್ಡನ್ ಸೇರಿದ್ದು ಔರಿಶ್‌ಗೆ. ಎರಡೂ ಒಂದೇ ನಾಡಿನವು, ಒಂದೇ ಚರಿತ್ರೆ. ನೋರ್ಡನ್ ಬೇರೆಯಾಗದೆ ಹಾಗೇ ಉಳಿಯಿತು.

ಮುಚ್ಚಿದ ಮೇಲೆ ಏನು ಉಳಿಯಿತು?

ಕಾರಿನ ನಂಬರ್ ಫಲಕದ ಮೇಲೆ 1956ರಿಂದ ‘ಎನ್‌ಓಆರ್’ ಎಂದು ಬರೆಯುತ್ತಿದ್ದರು. ಜಿಲ್ಲೆ ಹೋದ ಮೇಲೆ ಹೊಸ ಗಾಡಿಗಳಿಗೆ ಔರಿಶ್‌ನ ಅಕ್ಷರಗಳು ಬಂದವು. ನೋರ್ಡನ್‌ನಲ್ಲಿ ನ್ಯಾಯಾಲಯ ಇದೆ. 1867ರಲ್ಲಿ ಶುರುವಾದ ಸ್ಥಳೀಯ ಪತ್ರಿಕೆ ಇದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಚಹಾ. ನಿಜವಾಗಿ ಹೇಳುತ್ತಿದ್ದೇನೆ. ಜರ್ಮನಿ ಕಾಫಿಯ ದೇಶ, ಆದರೆ ಓಸ್ಟ್‌ಫ್ರೀಸ್‌ಲಾಂಡ್ ಚಹಾದ ನಾಡು. ಒಬ್ಬರು ವರ್ಷಕ್ಕೆ ಸುಮಾರು 300 ಲೀಟರ್ ಕುಡಿಯುತ್ತಾರೆ ಎಂಬುದು ಅವರ ಹೆಮ್ಮೆಯ ಲೆಕ್ಕ. ಪುಡಿಯಲ್ಲಿ ಮುಖ್ಯವಾಗಿ ನಮ್ಮ ಅಸ್ಸಾಮಿನದೇ. ಕಪ್ಪಿನಲ್ಲಿ ಮೊದಲು ‘ಕ್ಲುಂಟ್ಯೆ’ ಎಂಬ ದಪ್ಪ ಕಲ್ಲುಸಕ್ಕರೆ. ಅದರ ಮೇಲೆ ಬಿಸಿ ಚಹಾ ಬಿದ್ದಾಗ ಚಟಚಟ ಎನ್ನಬೇಕು. ಆಮೇಲೆ ಅಂಚಿನಿಂದ ಮೆಲ್ಲಗೆ ಕೆನೆ. ಕದಡುವುದಿಲ್ಲ. ಮೊದಲು ಕೆನೆಯ ರುಚಿ, ಆಮೇಲೆ ಚಹಾದ ಒಗರು, ಕೊನೆಗೆ ಸಿಹಿ. ಮೂರು ಕಪ್ಪು ಕುಡಿಯುವುದು ಮರ್ಯಾದೆ. ಸಾಕು ಎನ್ನುವುದಕ್ಕೆ ಚಮಚವನ್ನು ಕಪ್ಪಿನಲ್ಲಿ ಇಡಬೇಕು, ಇಲ್ಲದಿದ್ದರೆ ಮನೆಯವರು ಹಾಕುತ್ತಲೇ ಇರುತ್ತಾರೆ. 18ನೇ ಶತಮಾನದಲ್ಲಿ ಪ್ರಶ್ಯಾ ಸರ್ಕಾರ ಈ ಜನರಿಗೆ ಚಹಾ ಬಿಡಿಸಲು ನೋಡಿತು, ಆಗಲಿಲ್ಲ. ನೋರ್ಡನ್‌ನ ಹಳೆಯ ಪುರಸಭೆ ಕಟ್ಟಡದಲ್ಲೇ ಈಗ ಚಹಾ ವಸ್ತುಸಂಗ್ರಹಾಲಯ ಇದೆ.

ಕಿಟ್ಟೆಲ್ ಬಗ್ಗೆ ಬರೆಯುವಾಗ ಊರನ್ನು ಹೇಗೆ ಬರೆಯಬೇಕು?

‘ಆಗಿನ ಹಾನೋವರ್ ರಾಜ್ಯದ ಓಸ್ಟ್‌ಫ್ರೀಸ್‌ಲಾಂಡ್‌ನ ರೆಸ್ಟರ್‌ಹಾಫೆ, ಈಗಿನ ಔರಿಶ್ ಜಿಲ್ಲೆಯ ಡೋರ್ನುಮ್‌ಗೆ ಸೇರಿದ್ದು’ ಎಂದರೆ ಪೂರ್ತಿ ಸರಿ. ಸುಮ್ನೆ ‘ನೋರ್ಡನ್ ಜಿಲ್ಲೆಯಲ್ಲಿ ಹುಟ್ಟಿದರು’ ಎಂದು ಬರೆಯಬೇಡಿ, 1832ರಲ್ಲಿ ಅಂಥ ಜಿಲ್ಲೆ ಇರಲಿಲ್ಲ. ಇದು ಸಣ್ಣ ವಿಷಯ ಎನ್ನಬಹುದು. ಆದರೆ ಕಿಟ್ಟೆಲ್ ನಮ್ಮ ಒಂದೊಂದು ಪದಕ್ಕೂ ಅದು ಎಲ್ಲಿಯದು, ಯಾವ ಬರಹದಲ್ಲಿದೆ ಎಂದು ಹುಡುಕಿ ಬರೆದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅವರ ಹುಟ್ಟೂರಿನ ಒಂದು ಸಾಲನ್ನಾದರೂ ನಾವು ಸರಿಯಾಗಿ ಬರೆಯೋಣ.

ಹಳೆಯ ದಾಖಲೆ ಹುಡುಕುವವರು ಎಲ್ಲಿ ನೋಡಬೇಕು?

ಆಡಳಿತದ ಕಾಗದಗಳಿಗೆ ಔರಿಶ್‌ನಲ್ಲಿರುವ ರಾಜ್ಯ ಪತ್ರಾಗಾರ. ಹುಟ್ಟು ಸಾವಿನ ದಾಖಲೆಗೆ ಇಸವಿ ನೋಡಿಕೊಳ್ಳಿ. ಪ್ರಶ್ಯಾದಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1874ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚಿನದಕ್ಕೆ, ಫ್ರೆಂಚರ ಕಾಲದ ಕೆಲವೇ ವರ್ಷ ಬಿಟ್ಟರೆ, ಚರ್ಚಿನ ಪುಸ್ತಕಗಳೇ ಗತಿ.

ಈಗ ಆ ಕಡೆ ಹೋದರೆ ಏನು ನೋಡಬಹುದು?

ರೈಲು ನೇರವಾಗಿ ನೋರ್ಡನ್‌ಗೆ, ಅಲ್ಲಿಂದ ಮುಂದೆ ನೋರ್ಡ್‌ಡೈಶ್ ಹಡಗುಕಟ್ಟೆಗೆ ಹೋಗುತ್ತದೆ. ನೋರ್ಡನ್‌ನ ಲುಡ್‌ಗೇರಿ ಚರ್ಚಿನಲ್ಲಿ 17ನೇ ಶತಮಾನದ ಕೊನೆಯಲ್ಲಿ ಆರ್ಪ್ ಶ್ನಿಟ್‌ಗರ್ ಕಟ್ಟಿದ ಆರ್ಗನ್ ವಾದ್ಯ ಇದೆ. ಸಂಗೀತ ಪ್ರಿಯರು ಕ್ರುಮ್‌ಹೋರ್ನ್‌ನ ರೀಸುಮ್ ಹಳ್ಳಿಗೂ ಹೋಗಿ. ಅಲ್ಲಿನ ಆರ್ಗನ್ 15ನೇ ಶತಮಾನದ್ದು, ಇವತ್ತಿಗೂ ನುಡಿಸುತ್ತಾರೆ. ಅದರ ಬೆಲೆಯಾಗಿ ಊರಿನವರು ಕೊಬ್ಬಿದ ದನಗಳನ್ನು ಎಮ್ಸ್ ನದಿ ದಾಟಿಸಿ ಕೊಟ್ಟರಂತೆ. ಮಾರಿಯೆನ್‌ಹಾಫೆಯ ದಪ್ಪ ಗೋಪುರಕ್ಕೆ ಕಡಲ್ಗಳ್ಳ ಶ್ಟೋರ್ಟೆಬೆಕರ್ ಹಡಗು ಕಟ್ಟುತ್ತಿದ್ದ ಎಂಬ ಕಥೆ ಇದೆ. ಆಗ ಸಮುದ್ರ ಅಲ್ಲಿಯವರೆಗೆ ಬರುತ್ತಿತ್ತು. ಕಾಂಪೆನ್‌ನಲ್ಲಿ 65 ಮೀಟರ್ ಎತ್ತರದ ದೀಪಸ್ತಂಭ ಇದೆ, ಜರ್ಮನಿಯಲ್ಲೇ ಎತ್ತರದ್ದು. ಓಸ್ಟೇಲ್ ಚರ್ಚಿನ ಅಂಗಳದಲ್ಲಿ ಫಾಬ್ರಿಟ್ಸಿಯುಸ್ ಸ್ಮಾರಕ.

ನೋರ್ಡನ್‌ನಿಂದ ಡೋರ್ನುಮ್‌ಗೆ ಪ್ರವಾಸದ ಋತುವಿನಲ್ಲಿ ಹಳೆಯ ಕಾಲದ ರೈಲೊಂದು ಓಡುತ್ತದೆ, ಉತ್ಸಾಹಿಗಳು ಸೇರಿ ನಡೆಸುವುದು. ಹೊರಡುವ ಮುಂಚೆ ದಿನ, ಸಮಯ ಕೇಳಿಕೊಳ್ಳಿ. ಡೋರ್ನುಮ್‌ನಲ್ಲಿ ಇಳಿದರೆ ರೆಸ್ಟರ್‌ಹಾಫೆ ಪಕ್ಕದಲ್ಲೇ. ಹಳೆಯ ಚರ್ಚು, ಸುತ್ತ ಸಮಾಧಿಗಳು, ಆಚೆ ಹೊಲ. ಎದುರು ಯಾರಾದರೂ ಸಿಕ್ಕರೆ ‘ಮೊಯ್ನ್’ ಎನ್ನಿ. ಬೆಳಿಗ್ಗೆಗೂ ರಾತ್ರಿಗೂ ಅಲ್ಲಿ ನಮಸ್ಕಾರ ಅದೊಂದೇ.